ಬೇಸತ್ತ ಮಾತಿಗೆ ಒಂಟೆ ಏಕೆ?

ಇಂಗ್ಲಿಷಿನ ‘ಲಾಸ್ಟ್ ಸ್ಟ್ರಾ’ ಎಂಬ ನುಡಿಗಟ್ಟನ್ನು ‘ಒಂಟೆಯ ಬೆನ್ನು ಮುರಿದ ಕೊನೆಯ ಹುಲ್ಲುಕಡ್ಡಿ’ ಎಂದು ಕನ್ನಡಿಸುವವರನ್ನು ಕಂಡರೆ ನನಗೆ ಬೇಸರ. ಕೆರೆಗಳ ನಾಡಿನವರಾದ ನಮಗೆ ತಾಳ್ಮೆಯ ಕಟ್ಟೆ ಒಡೆದರೆ ಸಾಲದೆ? ‘ಬೇಸತ್ತು’ ಎಂಬುದಂತೂ ಹಳಗನ್ನಡದ ‘ಬೇಸಱು’ ಧಾತುವಿನ ಭೂತರೂಪ. ‘ಪೆಱು’ ಎಂಬುದು ‘ಪೆತ್ತು’ ಆದ ಹಾಗೆ.

‘ಫೆಡ್ ಅಪ್’ ಮಾತ್ರ ನಮಗೆ ಹತ್ತಿರದ್ದು. ಅದರ ಮೂಲದಲ್ಲಿರುವುದು ಉಂಡು ತುಂಬಿದ ಹೊಟ್ಟೆ. ಎಲೆಗೆ ಕೈ ಅಡ್ಡ ಹಿಡಿದು ನಾವು ಹೇಳುವುದೂ ‘ಸಾಕು’ ಎಂದೇ. ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ‘ನಂಗ ಸಾಕಾಗೋಗದ ಕನಪ್ಪ’ ಎನ್ನುತ್ತಾರೆ. ಇಲ್ಲಿ ‘ನಾನು’ ಕರ್ತೃವಲ್ಲ, ಚತುರ್ಥಿಯ ‘ನಂಗ’, ಬೇಸರವೇ ಬಂದೆರಗಿದೆ. ಅನುವಾದದ ಉತ್ತರಪತ್ರಿಕೆಯಲ್ಲಿ ಹೀಗೆ ಬರೆದ ವಿದ್ಯಾರ್ಥಿನಿಗೆ, ಗ್ರಾಮ್ಯವೆಂದು, ನಾನೊಮ್ಮೆ ಅಂಕ ಕಳೆದಿದ್ದೆ. ಒಂಟೆ ಬರೆದವನಿಗೆ ಪೂರ್ಣಾಂಕ ಕೊಟ್ಟಿದ್ದೆ.