ಉಣ್ಣುವವರ ಮೈಯನ್ನು ಅಳೆಯಬೇಡಿರಿ

ಮದುವೆಯ ಪಂಕ್ತಿಯಲ್ಲಿ ಕುಳಿತ ಹುಡುಗಿಯ ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಎದುರು ಸಾಲಿನ ಹಿರಿಯರೊಬ್ಬರು, "ಏನವಾ, ಭಾಳ ದಪ್ಪ ಆಗೀಯಲ್ಲ! ಹೋಳಿಗಿ ಸ್ವಲ್ಪ ಕಡಿಮಿ ಮಾಡು" ಎಂದು ನಗುತ್ತಾರೆ. ಅವರ ಮನಸ್ಸಿನಲ್ಲಿ ಕೆಡುಕಿಲ್ಲ. ಸುತ್ತಲಿನವರೂ ನಗುತ್ತಾರೆ, ಹುಡುಗಿಯೂ ನಗುತ್ತಾಳೆ; ಹೋಳಿಗೆ ಮುಟ್ಟದೆ ಎಲೆ ಮಡಚಿ ಏಳುತ್ತಾಳೆ. ಅದೇ ಪಂಕ್ತಿಯ ಇನ್ನೊಂದು ತುದಿಯಲ್ಲಿ ಸಣಕಲು ಹುಡುಗನಿಗೆ, "ನಿಮ್ಮವ್ವ ಕೂಳು ಹಾಕೂದಿಲ್ಲೇನೋ?" ಎಂಬ ಪ್ರಶ್ನೆ ಕಾದಿರುತ್ತದೆ. ಇದನ್ನೆಲ್ಲ ನಾವು ಅಕ್ಕರೆಯೆಂದು ಭಾವಿಸಿದ್ದೇವೆ. ಈ ಅಕ್ಕರೆಯಿಂದಲೇ ಕಾಯಿಲೆ ಬಿದ್ದವರನ್ನು ನನ್ನ ವೃತ್ತಿಜೀವನದಲ್ಲಿ ಮೇಲಿಂದ ಮೇಲೆ ಕಂಡಿದ್ದೇನೆ.

ಕಳೆದ ವರ್ಷ ತಾಯಿಯೊಬ್ಬರು ಹತ್ತೊಂಬತ್ತರ ಮಗಳನ್ನು ಕರೆತಂದರು. ತಲೆಸುತ್ತು, ಕೂದಲುದುರುವಿಕೆ, ಮೂರು ತಿಂಗಳಿಂದ ಮುಟ್ಟು ನಿಂತಿತ್ತು. "ಕನ್ಯಾ ನೋಡಾಕ ಬರೋರದಾರ್ರೀ, ಅದಕ್ಕ ಊಟ ಬಿಟ್ಟಾಳ" ಎಂದರು ತಾಯಿ. ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ ಮತ್ತು ಜೇನುತುಪ್ಪ, ಮಧ್ಯಾಹ್ನ ಅರ್ಧ ರೊಟ್ಟಿ, ರಾತ್ರಿ ಏನೂ ಇಲ್ಲ. (ಜೇನನ್ನು ಬಿಸಿಯಾದುದರೊಡನೆ ಸೇವಿಸಬಾರದೆಂಬುದು ಆಯುರ್ವೇದದ ವಿಧಿ, ಆದರೂ ಈ ಪಾನೀಯ ಆಯುರ್ವೇದದ ಹೆಸರಿನಲ್ಲಿಯೇ ಮನೆಮನೆಗೆ ತಲುಪಿದೆ.) ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8 ಗ್ರಾಂ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಇಂಥ ನಾಡಿನಲ್ಲಿ ಹೆಣ್ಣುಮಕ್ಕಳು ಉಪವಾಸದಿಂದ ತೆಳ್ಳಗಾಗಲು ಹೊರಟಿದ್ದಾರೆ.

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯಕ್ಕೆ ಅಷ್ಟೌನಿಂದಿತೀಯವೆಂದು ಹೆಸರು. ದೇಹದ ವಿಷಯದಲ್ಲಿ ನಿಂದೆಗೆ ಗುರಿಯಾಗುವ ಎಂಟು ಬಗೆಯವರನ್ನು ಅಲ್ಲಿ ಎಣಿಸಲಾಗಿದೆ: ಅತಿ ಎತ್ತರದವರು, ಅತಿ ಕುಳ್ಳರು, ಅತಿಯಾಗಿ ರೋಮವುಳ್ಳವರು, ರೋಮವಿಲ್ಲದವರು, ಅತಿ ಕಪ್ಪಿನವರು, ಅತಿ ಬಿಳುಪಿನವರು, ಅತಿ ಸ್ಥೂಲರು, ಅತಿ ಕೃಶರು. ಬಿಳುಪೂ ಈ ಪಟ್ಟಿಯಲ್ಲಿರುವುದನ್ನು ಮುಖಕ್ಕೆ ಕ್ರೀಮು ಬಳಿಯುವವರು ಗಮನಿಸಬೇಕು. ಆದರೆ ಆಚಾರ್ಯರು ಅಲ್ಲಿ ವಿಸ್ತಾರವಾಗಿ ಚಿಕಿತ್ಸೆ ಹೇಳುವುದು ಕಡೆಯ ಇಬ್ಬರಿಗೆ ಮಾತ್ರ. ಸ್ಥೌಲ್ಯದ ಕಾರಣಗಳಲ್ಲಿ ಅತಿಭೋಜನ, ಹಗಲುನಿದ್ರೆ, ವ್ಯಾಯಾಮವಿಲ್ಲದಿರುವಿಕೆಗಳ ಜೊತೆಗೆ ಬೀಜಸ್ವಭಾವವನ್ನೂ, ಎಂದರೆ ಹೆತ್ತವರಿಂದ ಬಂದುದನ್ನೂ, ಸೇರಿಸುತ್ತಾರೆ. ಮೇದಸ್ಸಿನಿಂದ ದಾರಿ ಕಟ್ಟಿದ ವಾಯುವು ಕೋಷ್ಠದಲ್ಲಿಯೇ ಸುಳಿದು ಜಠರಾಗ್ನಿಯನ್ನು ಕೆರಳಿಸುವುದರಿಂದ ಸ್ಥೂಲನಿಗೆ ಹಸಿವು ಹೆಚ್ಚೆಂದೂ ವಿವರಿಸುತ್ತಾರೆ. ನಾವು ಹೊಟ್ಟೆಬಾಕತನವೆಂದು ಹಂಗಿಸುವ ಹಸಿವನ್ನು ಶಾಸ್ತ್ರವು ರೋಗಲಕ್ಷಣವಾಗಿ ಕಾಣುತ್ತದೆ. ಚಿಕಿತ್ಸೆಯೂ ಉಪವಾಸ ಕೆಡಹುವುದಲ್ಲ. ಹೊಟ್ಟೆ ತುಂಬಬೇಕು, ಮೇದಸ್ಸು ಬೆಳೆಯಬಾರದು. ಅದಕ್ಕಾಗಿ ಹೇಳಿರುವ ಧಾನ್ಯಗಳು ಜವೆಗೋಧಿ, ಸಾವೆ, ಹಾರಕ, ಹೆಸರು, ಹುರುಳಿ. ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿ ಇವುಗಳಲ್ಲಿ ಹಲವು ಇದ್ದವು.

ನಾನೇ ಮಾಡಿದ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ವೃತ್ತಿಯ ಆರಂಭದ ದಿನಗಳಲ್ಲಿ ಮೊಣಕಾಲು ನೋವೆಂದು ಬಂದ ತಾಯಿಯೊಬ್ಬರಿಗೆ ಹೊರಗೆ ಕುಳಿತವರಿಗೂ ಕೇಳುವಂತೆ, "ಮೊದಲು ಮೈ ಇಳಿಸಿರಿ, ಆಮೇಲೆ ಬನ್ನಿರಿ" ಎಂದುಬಿಟ್ಟೆ. ಅವರು ತಲೆ ತಗ್ಗಿಸಿ ಎದ್ದುಹೋದರು. ಮತ್ತೆ ಬಂದದ್ದು ನಾಲ್ಕು ವರ್ಷಗಳ ಬಳಿಕ, ಕಾಲಿನಲ್ಲಿ ಮಾಯದ ಹುಣ್ಣಿನೊಂದಿಗೆ. ಅಷ್ಟರಲ್ಲಿ ಮಧುಮೇಹ ಬಲಿತಿತ್ತು. "ಬೈತೀರಂತ ಬರಲಿಲ್ರೀ" ಎಂದರು. ನನ್ನ ಸಲಹೆಯಲ್ಲಿ ವೈದ್ಯಕೀಯವಾಗಿ ತಪ್ಪಿರಲಿಲ್ಲ. ನಾಚಿಕೆಯಿಂದ ಅವರು ಒಂದು ಕಿಲೋ ಸಹ ಇಳಿದಿರಲಿಲ್ಲ.

ತೂಕವು ಲೆಕ್ಕಕ್ಕಿಲ್ಲವೆಂದು ನಾನು ಹೇಳುತ್ತಿಲ್ಲ. ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ರಕ್ತದ ಸಕ್ಕರೆ, ರಕ್ತದೊತ್ತಡಗಳನ್ನು ಪರೀಕ್ಷಿಸಿಕೊಳ್ಳಲೇಬೇಕು. ಆದರೆ ಆ ಅಳತೆ ವೈದ್ಯರ ಕೋಣೆಯಲ್ಲಿ ನಡೆಯಲಿ, ಊಟದ ಪಂಕ್ತಿಯಲ್ಲಿ ಬೇಡ. ಮನೆಯವರು ಕೇಳಬೇಕಾದ ಪ್ರಶ್ನೆಗಳು ಬೇರೆ: ಹೊತ್ತಿಗೆ ಸರಿಯಾಗಿ ಹಸಿವಾಗುತ್ತಿದೆಯೆ? ನಿದ್ದೆ ಬರುತ್ತಿದೆಯೆ? ಮಲಶೋಧನೆ ಸರಿಯಾಗಿದೆಯೆ? ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆಯೆ? ಮಕ್ಕಳು ಕದ್ದು ತಿನ್ನುವುದು, ಉಂಡದ್ದನ್ನು ಬೇಕೆಂದೇ ಕಾರುವುದು, ಕನ್ನಡಿಯ ಮುಂದೆ ನಿಂತು ಅಳುವುದು ಕಂಡುಬಂದರೆ ಕಷಾಯವನ್ನು ನೆಚ್ಚಿ ಕೂರದೆ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಅದರಲ್ಲಿ ಕುಲಕ್ಕೆ ಕುಂದೇನೂ ಇಲ್ಲ.

ಹಿತವಾದ ಅನ್ನವನ್ನು ಮಿತವಾಗಿಯೇ ಉಂಡರೂ ಚಿಂತೆ, ಶೋಕ, ಭಯ, ಕ್ರೋಧಗಳಿದ್ದಲ್ಲಿ ಅದು ಜೀರ್ಣವಾಗದೆಂದು ಚರಕರು ವಿಮಾನಸ್ಥಾನದಲ್ಲಿ ಹೇಳಿದ್ದಾರೆ. ಪ್ರತಿ ತುತ್ತಿಗೂ ತನ್ನ ಮೈಯನ್ನು ಯಾರು ನೋಡುತ್ತಿದ್ದಾರೋ ಎಂದು ಅಂಜುವವಳಿಗೆ ಪಥ್ಯದ ಊಟ ಬರೆದುಕೊಟ್ಟು ಫಲವೇನು? ಮಠದ ದಾಸೋಹದಲ್ಲಿ ಬಡಿಸುವವರು ಕುಳಿತವರ ಗಾತ್ರ ನೋಡಿ ಸೌಟು ಹಿಡಿಯುವುದಿಲ್ಲ. ಇಲ್ಲಿ ಎಲ್ಲರೊಡನೆ ನೆಮ್ಮದಿಯಿಂದ ಪ್ರಸಾದ ಸ್ವೀಕರಿಸುವ ನಾವು ನಮ್ಮ ಮನೆಯ ಊಟದಲ್ಲಿ ಆ ನಡೆಯನ್ನು ಮರೆಯುವುದೇಕೆ?

ಆ ಹುಡುಗಿಯನ್ನು ಸ್ತ್ರೀರೋಗತಜ್ಞರಿಗೂ ತೋರಿಸಿದೆವು. ಮೂರು ಹೊತ್ತಿನ ಊಟ, ಕಬ್ಬಿಣಾಂಶದ ಔಷಧಿ, ಸಂಜೆಯ ನಡಿಗೆ. ನಾಲ್ಕನೆಯ ತಿಂಗಳಿಗೆ ಮುಟ್ಟು ಮರಳಿತು, ಹಿಮೋಗ್ಲೋಬಿನ್ 11ಕ್ಕೆ ಏರಿತು. ಆ ಸಂಬಂಧ ಮಾತ್ರ ಕೂಡಿಬರಲಿಲ್ಲ. ತಾಯಿಗೆ ಅದರ ಬೇಸರ ಇನ್ನೂ ಇದೆ. ಕಳೆದ ತಿಂಗಳು ಮತ್ತೊಬ್ಬರು ಬಂದು ಹೋದರಂತೆ. ಅಂದು ಬೆಳಿಗ್ಗೆ ಮಗಳು ಎರಡು ರೊಟ್ಟಿ ಉಂಡೇ ಸೀರೆ ಉಟ್ಟಳೆಂದು ತಾಯಿ ದೂರಿನ ಧ್ವನಿಯಲ್ಲಿ ಹೇಳಿದರು.