ಇಸ್ಪೀಟ್ ಎಲೆ ತಪ್ಪಲ್ಲ, ದುಡ್ಡು ಕಟ್ಟೋದು ತಪ್ಪು

ದೀಪಾವಳಿ ಹತ್ತಿರ ಬಂತು. ಹೋದ ಸೋಮವಾರ ನಮ್ಮೂರ ಅರಳಿಕಟ್ಟೇಲಿ ಹಿರಿಯರು ಸೇರಿ, ಈ ಸಲ ಹಬ್ಬಕ್ಕೆ ಊರಲ್ಲಿ ಯಾರೂ ಇಸ್ಪೀಟ್ ಎಲೆ ಮುಟ್ಟಬಾರದು ಅಂತ ತೀರ್ಮಾನ ಮಾಡಿದ್ರು. ಅವರ ಕಾಳಜಿ ಅರ್ಥ ಆಗುತ್ತೆ. ಆದ್ರೂ ನಾನು ಒಪ್ಪಲಿಲ್ಲ. ಯಾಕೆ ಅಂತ ಬರೀತೀನಿ, ಓದಿ.

ಮೊದಲು ನನ್ನ ತಪ್ಪು ಹೇಳ್ಬಿಡ್ತೀನಿ. ಹನ್ನೊಂದು ವರ್ಷದ ಹಿಂದೆ ಶುಂಠಿ ಮಾರಿದ ದುಡ್ಡು ಜೇಬಲ್ಲಿತ್ತು. ಹಬ್ಬದ ರಾತ್ರಿ ಒಂದು ತೋಟದ ಮನೇಲಿ ಅಂದರ್ ಬಾಹರ್‌ಗೆ ಕೂತೆ. ಬೆಳಗಾಗೋ ಹೊತ್ತಿಗೆ 14,000 ರೂಪಾಯಿ ಹೋಗಿತ್ತು. ಮಗಳ ಕಾಲೇಜು ಫೀಸಿಗೆ ಇಟ್ಟಿದ್ದ ದುಡ್ಡು ಅದು. ಹೆಂಡತಿ ಬೈಯಲಿಲ್ಲ. ಸುಮ್ಮನೆ ಕಿವಿ ಓಲೆ ಬಿಚ್ಚಿಕೊಟ್ಟಳು, ಗಿರವಿ ಇಟ್ಟು ಫೀಸು ಕಟ್ಟಿದೆ. ಬೈದಿದ್ರೇ ಚೆನ್ನಾಗಿತ್ತು ಅಂತ ಇವತ್ತಿಗೂ ಅನ್ಸುತ್ತೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಅಂದರ್ ಬಾಹರ್‌ನಲ್ಲಿ ಆಡೋನ ಕೈಲಿ ಏನೂ ಇಲ್ಲ. ನಡುವೆ ಒಂದು ಎಲೆ ತೆರೆದಿಡ್ತಾರೆ, ಅದರ ಜೋಡಿ ಬರೋವರೆಗೂ ಒಳಗೊಂದು ಹೊರಗೊಂದು ಹಾಕ್ತಾ ಹೋಗ್ತಾರೆ. ಮೊದಲ ಎಲೆ ಬೀಳೋ ಕಡೆಗೆ ನೂರಕ್ಕೆ 51–52 ಸಲ ಗೆಲುವು, ಅಷ್ಟೇ ವ್ಯತ್ಯಾಸ. ನಾಣ್ಯ ಚಿಮ್ಮಿದ ಹಾಗೆ. ಆದ್ರೆ ಆಡ್ಸೋನು ಪ್ರತಿ ಆಟಕ್ಕೂ ತನ್ನ ಪಾಲು ಕಿತ್ಕೊಳ್ತಾನೆ. ರಾತ್ರಿಯೆಲ್ಲಾ ಆಡಿದ್ರೆ ಉಳಿಯೋದು ಅವನ ಜೇಬು ಮಾತ್ರ.

ಇಪ್ಪತ್ತೆಂಟು ಹಾಗಲ್ಲ. ನಮ್ಮ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕೋಕೆ ಬಂದ ಕೇರಳದವರು ನನಗೆ ಕಲಿಸಿದ ಆಟ. ಎರಡರಿಂದ ಆರರವರೆಗಿನ ಎಲೆ ತೆಗೆದಿಟ್ರೆ 32 ಎಲೆ ಉಳೀತವೆ. ನಾಲ್ಕು ಜನ, ಎರಡು ಜೋಡಿ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು, ಒಟ್ಟು 28. ರಾಜ ರಾಣಿಗೆ ಸೊನ್ನೆ! ನಾಲ್ಕೇ ಎಲೆ ನೋಡಿ 14ರಿಂದ ಸವಾಲ್ ಕೂಗ್ಬೇಕು, ತುರುಫು ಮುಚ್ಚಿಡ್ಬೇಕು. ಬಿದ್ದ ಎಲೆ ನೆನಪಿಡ್ಬೇಕು, ಎದುರಿಗೆ ಕೂತ ಜೊತೆಗಾರನ ಮನಸ್ಸು ತಿಳೀಬೇಕು.

ರಾತ್ರಿ ತ್ರೀ ಫೇಸ್ ಕರೆಂಟಿಗೆ ಕಾಯ್ತಾ ಪಂಪ್ ಮನೇಲಿ ನಾವು ನಾಲ್ಕು ಜನ ಇದನ್ನೇ ಆಡ್ತೀವಿ. ಒಂದು ಪೈಸೆ ಇಡಲ್ಲ. ಸೋತ ಜೋಡಿ ಆ ಚಳೀಲಿ ಎದ್ದು ಹೋಗಿ ಗೇಟ್ ವಾಲ್ವ್ ತಿರುಗಿಸಿ ಬರಬೇಕು. ಬೇಲಿ ಜಗಳಕ್ಕೆ ಎರಡು ವರ್ಷ ಮಾತು ಬಿಟ್ಟಿದ್ದ ಪಕ್ಕದ ಜಮೀನಿನವರು ಈಗ ನನ್ನ ಜೋಡಿ.

ರಮ್ಮಿ ಜಾಣ್ಮೆ ಆಟ ಅಂತ ಕೋರ್ಟೇ ಹೇಳಿದೆಯಲ್ಲ ಅಂತ ಹುಡುಗರು ವಾದ ಮಾಡ್ತಾರೆ. ನಿಜ, 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ರೆ ಜಾಣ್ಮೆ ಆಟದಲ್ಲೂ ಸೋತ ದುಡ್ಡು ವಾಪಸ್ ಬರಲ್ಲ ಕಣ್ರಪ್ಪಾ. ಮೊಬೈಲಲ್ಲಿ ದುಡ್ಡು ಕಟ್ಟಿ ಆಡೋದನ್ನ 2025ರಲ್ಲಿ ಕೇಂದ್ರ ಸರ್ಕಾರವೇ ಕಾಯ್ದೆ ತಂದು ನಿಷೇಧ ಮಾಡಿದೆ.

ನನ್ನ ಅಭಿಪ್ರಾಯ ಇಷ್ಟೇ. ಕಟ್ಟೆ ಮೇಲೆ ಎಲೆ ಬೇಡ ಅಂದ್ರೆ ಹುಡುಗರು ಕತ್ತಲಲ್ಲಿ ತೋಟದ ಮನೆ ಹುಡುಕ್ತಾರೆ, ನಾನು ಹೋದ ಹಾಗೆ. ಅದರ ಬದಲು ಹಬ್ಬದ ರಾತ್ರಿ ಕಟ್ಟೆ ಮೇಲೆ ದೊಡ್ಡ ಲೈಟು ಹಾಕೋಣ, ಹಿರಿಯರೂ ಹುಡುಗರೂ ಒಟ್ಟಿಗೆ ಕೂತು ಇಪ್ಪತ್ತೆಂಟು ಆಡೋಣ. ದುಡ್ಡು ತೆಗೆದೋನನ್ನ ಎಬ್ಬಿಸಿ ಮನೆಗೆ ಕಳಿಸೋಣ. ಕಲೀಬೇಕು ಅನ್ನೋರು ನಮ್ಮ ಪಂಪ್ ಮನೆಗೆ ಬನ್ನಿ. ನಿಮ್ಮೂರಲ್ಲಿ ಏನು ಮಾಡ್ತಿದ್ದೀರಿ, ತಿಳಿಸಿ.