ಸಿಮೆಂಟಿನ ಜಿಲ್ಲೆಯಲ್ಲಿ ಬಿರುಕಿನ ಗೋಡೆ!

ವಾಡಿಯಲ್ಲಿ ಸಿಮೆಂಟ್, ಸೇಡಂನಲ್ಲಿ ಸಿಮೆಂಟ್, ಮಳಖೇಡದಲ್ಲಿ ಸಿಮೆಂಟ್. ಕಲಬುರಗಿ ಜಿಲ್ಲೆಯ ಸುಣ್ಣದ ಕಲ್ಲು ಪುಡಿಯಾಗಿ, ಬೆಂದು, ಚೀಲ ಸೇರಿ ದೇಶದ ಊರೂರಿಗೆ ಹೋಗುತ್ತದೆ. ಆದರೆ ಕಲಬುರಗಿಯಲ್ಲೇ ಹೊಸ ಬಡಾವಣೆಗಳ ಕಡೆ ಒಮ್ಮೆ ಕಣ್ಣು ಹಾಯಿಸಿ. ಇಳಿದು ಹೋಗುವುದೇ ಬೇಡ, ರಿಂಗ್ ರೋಡಿನ ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಕಟ್ಟಿ ಎರಡು ವರ್ಷವೂ ಆಗಿರದ ಮನೆ, ಮೇಲೆ ಗುಲಾಬಿ ಬಣ್ಣ, ಗೋಡೆ ಮಾತ್ರ ಬೇಸಿಗೆಯ ಕೆರೆಯಂಗಳದಂತೆ ಬಿರಿದು ನಿಂತಿದೆ.

ಇದಕ್ಕೆ ಯಾರು ಕಾರಣ? ಮನೆ ಮಾಲೀಕರನ್ನು ಕೇಳಿದರೆ ಗೌಂಡಿ ಮೋಸ ಮಾಡಿದ ಅಂತಾರೆ. ಗೌಂಡಿಯನ್ನು ಕೇಳಿದರೆ ಸಿಮೆಂಟ್ ಕಳಪೆ. ಸಿಮೆಂಟ್ ಅಂಗಡಿಯವರನ್ನು ಕೇಳಿದರೆ ಉಸುಕು ಖರಾಬು. ಉಸುಕಿನ ಲಾರಿಯವರದು "ನಮ್ಮ ಮಾಲು ಒಂದ್ ನಂಬರ್ ಅದ್ರೀ" ಎಂಬ ಜವಾಬು. ಕಡೆಗೆ ಎಲ್ಲರೂ ಕೂಡಿ ಬೈಯುವುದು ಬಿಸಿಲನ್ನು. ಬಿಸಿಲಿಗೇನು, ಅದು ಪಂಚಾಯ್ತಿಗೆ ಬಂದು ಸಾಕ್ಷಿ ಹೇಳುವುದಿಲ್ಲವಲ್ಲ!

ಬಿಸಿಲು ಕಲಬುರಗಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಹೋಳಿ ಹುಣ್ಣಿಮೆ ಕಳೆದು ಶರಣಬಸವೇಶ್ವರರ ತೇರು ಎಳೆದರೆಂದರೆ ಮುಗಿಯಿತು, ಮೃಗಶಿರ ಮಳೆ ಬರುವ ತನಕ ಈ ನೆಲಕ್ಕೆ ನೆರಳಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿನ ಮಕ್ಕಳಿಗೂ ಗೊತ್ತಿರುವ ಸಂಗತಿ. ಗೊತ್ತಿದ್ದೂ ಗೋಡೆ ಒಡೆಯುತ್ತದೆ ಎಂದರೆ ತಪ್ಪು ಬಿಸಿಲಿನದಲ್ಲ. ಅಸಲು ಸಂಗತಿ ಬಹಳ ಸಣ್ಣದು. ಈ ಊರಿನಲ್ಲಿ ಗಿಲಾವು ಮಾಡುವವರಿಗೆ ಕೂಲಿ ಉಂಟು, ಗಿಲಾವಿಗೆ ನೀರು ಹೊಡೆಯುವವರಿಗೆ ಕೂಲಿ ಇಲ್ಲ.

ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. ಸಿಮೆಂಟ್ ಗಟ್ಟಿಯಾಗುವುದು ನೀರು ಕುಡಿದು. ಕಲಸಿದ ಅರ್ಧ ತಾಸಿನ ಮೇಲೆ ಅದು ಬಿಗಿಯಲು ಶುರು ಮಾಡುತ್ತದೆ, ಆದರೆ ಪೂರ್ತಿ ಬಲಿಯಬೇಕಾದರೆ ದಿನಗಟ್ಟಲೆ ತೇವ ಬೇಕು. ಇಲ್ಲಿನ ಗೋಡೆಯ ಪಾಡು ನೋಡಿ. ಮುಂದಿನಿಂದ ಬಿಸಿಲು ಮತ್ತು ಝಳದ ಗಾಳಿ ನೀರು ಹೀರುತ್ತವೆ. ಹಿಂದಿನಿಂದ ಕಾದ ಇಟ್ಟಿಗೆ ಹೀರುತ್ತದೆ. ನಡುವೆ ಅರ್ಧ ಇಂಚು, ಮುಕ್ಕಾಲು ಇಂಚು ದಪ್ಪದ ಗಿಲಾವು. ಪಾಪ, ಅದು ಎಲ್ಲಿಂದ ತಡೆದೀತು? ಮೇಲಿನ ಪದರು ಮೊದಲು ಕುಗ್ಗುತ್ತದೆ, ಒಳಗಿನದು ಕುಗ್ಗಲು ಬಿಡುವುದಿಲ್ಲ, ಬಿರುಕು ಬಿಡುತ್ತದೆ. ಲೆಕ್ಕ ಇಷ್ಟೇ.

ಇದರ ಮೇಲೆ ನಮ್ಮವರ ಸ್ವಂತ ಬುದ್ಧಿ ಬೇರೆ. "ಸಿಮೆಂಟ್ ಜಾಸ್ತಿ ಹಾಕಪಾ, ಗಟ್ಟಿ ಆಗ್ಲಿ" ಎಂದು ಮಾಲೀಕರು ನಿಂತು ಹೇಳುತ್ತಾರೆ. ಸಿಮೆಂಟ್ ಹೆಚ್ಚಾದಷ್ಟೂ ಗಿಲಾವು ಕುಗ್ಗುವುದು ಹೆಚ್ಚು, ಬಿರುಕೂ ಹೆಚ್ಚು. ಎಂ-ಸ್ಯಾಂಡಿನಲ್ಲಿ ಕಲ್ಲಿನ ಧೂಳು ಮಿತಿಮೀರಿದ್ದರೂ ಅದೇ ಗತಿ. ಗಿಲಾವಿಗೆ ಬೇರೆಯೇ ಜರಡಿ ಹಿಡಿದ ಪಿ-ಸ್ಯಾಂಡ್ ಸಿಗುತ್ತದೆ, ಕೇಳಿ ತರುವವರು ಕಡಿಮೆ. ಮುಂಜಾನೆ ಕಲಸಿ ಬಿಗಿದುಹೋದ ಮಾಲಿಗೆ ಊಟವಾದ ಮೇಲೆ ಮತ್ತೆ ನೀರು ಸುರಿದು ಎಬ್ಬಿಸುವುದು, ನುಣುಪಾಗಲಿ ಎಂದು ಹಸಿ ಗೋಡೆಯ ಮೇಲೆ ಒಣ ಸಿಮೆಂಟ್ ಎರಚಿ ಕರಣೆ ಎಳೆಯುವುದು, ಇವೆಲ್ಲ ದಿನಾ ನಡೆಯುವ ಲೀಲೆಗಳು.

ಆದರೂ ಗೌಂಡಿಯೊಬ್ಬನನ್ನೇ ಕಳ್ಳ ಎನ್ನುವುದು ನ್ಯಾಯವಲ್ಲ. ಅವನಿಗೆ ಚದರ ಅಡಿ ಲೆಕ್ಕದಲ್ಲಿ ಗುತ್ತಿಗೆ. ಎಷ್ಟು ಬೇಗ ಗೋಡೆ ಮುಗಿಸಿದನೋ ಅಷ್ಟು ಅವನ ಹೊಟ್ಟೆಗೆ. ಮುಗಿಸಿದ ಮರುದಿನ ಅವನು ಮತ್ತೊಂದು ಓಣಿಯಲ್ಲಿರುತ್ತಾನೆ. ಆಮೇಲೆ ಏನಾಗುತ್ತದೆ? ಎಲ್ಲ ಮನೆಗಳ ಮುಂದೆಯೂ ನಡೆಯುವ ಮಾತು ಒಂದೇ.

"ಯಾಕಪಾ ಮೇಸ್ತ್ರಿ, ಗೋಡಿ ಒಡದದಲ್ಲ?"

"ನೀರ್ ಹೊಡದಿಲ್ರೀ ಸಾವ್ಕಾರ್ರ, ಅದಕ್ಕ ಒಡದದ. ನೀರ್ ಹೊಡ್ಯಾದು ನಿಮ್ ಕೆಲಸ, ನಂದು ಗಿಲಾವು ಅಷ್ಟೇ."

"ದುಕಾನ್ ಬಿಟ್ಟು ನಾ ನೀರ್ ಹೊಡಕೋತ ನಿಂದರ್ಲೇನು?"

ಇಬ್ಬರದೂ ಸರಿ, ಇಬ್ಬರದೂ ತಪ್ಪು. ಯಾಕೆಂದರೆ ಆ ಕೆಲಸ ಯಾರ ಕರಾರಿನಲ್ಲೂ ಇಲ್ಲ. ಮಾಲೀಕರು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಅವಸರದಲ್ಲಿ ಪೈಪು ಹಿಡಿದು ಎರಡು ನಿಮಿಷ ಸಿಂಪಡಿಸಿ ಹೋಗುತ್ತಾರೆ. ಹತ್ತು ಗಂಟೆಗೆ ಗೋಡೆ ಮತ್ತೆ ಬೆಳ್ಳಗೆ. ರಾತ್ರಿ ಬಂದು ಮತ್ತೆರಡು ನಿಮಿಷ. ಅದು ನೀರು ಹೊಡೆದದ್ದಲ್ಲ, ಗೋಡೆಗೆ ತೀರ್ಥ ಕೊಟ್ಟದ್ದು!

ಸರಕಾರಿ ಕಾಗದದಲ್ಲಿ ಇದಕ್ಕೆ ಉಪಾಯ ಮೊದಲೇ ಬರೆದಿಟ್ಟಿದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಕಾಮಗಾರಿ ನಿಯಮಗಳ ಪ್ರಕಾರ ಗಿಲಾವನ್ನು ಕನಿಷ್ಠ 7 ದಿನ ತೇವದಲ್ಲಿಡಬೇಕು. ಅಷ್ಟೇ ಅಲ್ಲ, ಯಾವ ಗೋಡೆಗೆ ಯಾವ ದಿನ ಗಿಲಾವು ಆಯಿತೋ ಆ ತಾರೀಖನ್ನು ಅದೇ ಗೋಡೆಯ ಮೇಲೆ ಕಾಣುವ ಹಾಗೆ ಬರೆಯಬೇಕು, 7 ದಿನ ತುಂಬಿತೋ ಇಲ್ಲವೋ ಎಂದು ಯಾರು ಬೇಕಾದರೂ ನೋಡಲಿ ಎಂದು. ಎಷ್ಟು ಚೆಂದದ ನಿಯಮ! ಒಂದು ತುಂಡು ಇದ್ದಿಲು ಸಾಕು, ಖರ್ಚು ಸೊನ್ನೆ. ನಮ್ಮ ಓಣಿಗಳಲ್ಲಿ ಹೊಸ ಗೋಡೆಗೆ ಗುಟ್ಕಾ ಜಾಹೀರಾತು ಬರೆಯುವವರು ಬೇಗ ಬರುತ್ತಾರೆ, ತಾರೀಖು ಬರೆಯುವವರು ಮಾತ್ರ ಬರುವುದಿಲ್ಲ. ಇಂದಿನ ಸಿಮೆಂಟಿನಲ್ಲಿ ಹಾರುಬೂದಿ ಬೆರೆತಿರುವುದೇ ಹೆಚ್ಚು, ಅದು ಬಲಿಯುವುದು ಇನ್ನೂ ನಿಧಾನ. ಆದ್ದರಿಂದ ನಮ್ಮ ಬಿಸಿಲಿಗೆ 10 ದಿನ ಎಂದು ಇಟ್ಟುಕೊಂಡರೆ ಲೇಸು.

"ಕುಡಿಯಾಕ ನೀರಿಲ್ಲ, ಗೋಡಿಗೆ ಎಲ್ಲಿಂದ ತರೋಣು?" ಎನ್ನುವವರ ಮಾತಿನಲ್ಲಿ ಹುರುಳಿದೆ. ಬೇಸಿಗೆಯಲ್ಲಿ ನಲ್ಲಿಯ ದಾರಿ ಕಾಯುವ ಊರಿದು. ಟ್ಯಾಂಕರ್ ತರಿಸಿದರೆ ಅದಕ್ಕೂ ದುಡ್ಡು. ಆದರೆ ಬೇಕಾದದ್ದು ನೀರಿನ ಹೊಳೆಯಲ್ಲ, ತೇವ ಅಷ್ಟೇ. ಗೋಣಿತಟ್ಟನ್ನು ನೆನೆಸಿ ಗೋಡೆಗೆ ಇಳಿಬಿಟ್ಟರೆ ಪೈಪಿನಲ್ಲಿ ಸುರಿಯುವುದಕ್ಕಿಂತ ಕಡಿಮೆ ನೀರಿನಲ್ಲಿ ಹೆಚ್ಚು ಹೊತ್ತು ಹಸಿಯಾಗಿರುತ್ತದೆ. ಬಿಸಿಲು ಬೀಳುವ ದಿಕ್ಕಿಗೆ ಹಳೆ ತಾಡಪಾಲು ಕಟ್ಟಿದರೆ ಅರ್ಧ ಕೆಲಸ ನೆರಳೇ ಮಾಡುತ್ತದೆ. ಉಪ್ಪು ನೀರಿನ ಬೋರ್‌ವೆಲ್ ಇದ್ದರೆ ಮಾತ್ರ ಜೋಕೆ, ಆ ಉಪ್ಪು ಮುಂದೆ ಗೋಡೆಯ ಮೇಲೆ ಬೆಳ್ಳಗೆ ಹೂತು ಬಣ್ಣ ಎಬ್ಬಿಸುತ್ತದೆ.

ಇದಕ್ಕಿಂತ ಸುಲಭದ ದಾರಿ ಎಂದರೆ ಬೇಸಿಗೆಯಲ್ಲಿ ಗಿಲಾವು ಮಾಡಿಸದಿರುವುದು. ಆದರೆ ನಮ್ಮವರ ಗಡಿಬಿಡಿ ಕೇಳಬೇಡಿ. ಅಕ್ಷಯ ತದಿಗೆಗೆ ಗೃಹಪ್ರವೇಶ, ಮೇ ತಿಂಗಳಲ್ಲಿ ಮಗಳ ಮದುವೆ, ಹೊಲದ ಕೆಲಸ ಇಲ್ಲದ್ದರಿಂದ ಆಳುಗಳೂ ಸಿಗುತ್ತಾರೆ. ಹೀಗಾಗಿ ವರ್ಷದ ಅತಿ ಕೆಟ್ಟ ಎರಡು ತಿಂಗಳಲ್ಲೇ ಗಿಲಾವು, ಅದೂ ನಡು ಮಧ್ಯಾಹ್ನ. ಗೋಡೆ ಕಟ್ಟಿರಿ, ಛತ್ತು ಹಾಕಿರಿ, ಅದಕ್ಕೂ ನೀರು ಉಣಿಸಿರಿ. ಹೊರಗಿನ ಗಿಲಾವನ್ನು ಮಾತ್ರ ದಸರೆ ಆದ ಮೇಲೆ ಇಟ್ಟುಕೊಳ್ಳಿ. ದೀಪಾವಳಿಯಿಂದ ಶಿವರಾತ್ರಿಯ ತನಕ ಈ ಸೀಮೆಯಲ್ಲಿ ಗಿಲಾವಿಗೆ ಅದಕ್ಕಿಂತ ಒಳ್ಳೆ ಮುಹೂರ್ತ ಯಾವ ಪಂಚಾಂಗದಲ್ಲೂ ಇಲ್ಲ. ಬೇಸಿಗೆಯಲ್ಲಿ ಬಿಟ್ಟೂಬಿಡದ ಪ್ರಸಂಗ ಬಂದರೆ ಮುಂಜಾನೆ ಬೇಗ ಶುರು ಮಾಡಿ ಬಿಸಿಲೇರುವ ಮೊದಲು ನಿಲ್ಲಿಸಬೇಕು. ಗೋಡೆಗೂ ಅದೇ ಒಳ್ಳೆಯದು, ಏಣಿಯ ಮೇಲಿರುವ ಮನುಷ್ಯನ ತಲೆಗೂ ಅದೇ ಒಳ್ಳೆಯದು. ಬಿಸಿಲು ಹೊಡೆದು ಬಿದ್ದ ಗೌಂಡಿಗೆ ಯಾವ ವಾಲ್ ಪುಟ್ಟಿಯೂ ಮೆತ್ತಲಾಗದು.

ಈಗಾಗಲೇ ಒಡೆದ ಗೋಡೆಯ ಕಥೆ? ಇಲ್ಲೇ ಹೆಚ್ಚು ದುಡ್ಡು ಮಣ್ಣಾಗುವುದು. ಬಿರುಕು ಕಂಡ ಕೂಡಲೇ ಸಿಮೆಂಟ್ ಹಾಲು ಬಳಿಸುವುದು, ಪುಟ್ಟಿ ಎಳೆಸುವುದು, ಬಣ್ಣ ಹೊಡೆಸುವುದು. ಮರು ಬೇಸಿಗೆಗೆ ಅದೇ ಜಾಗದಲ್ಲಿ ಅದೇ ಬಿರುಕು ಹಾಜರ್. ಬಿರುಕುಗಳೆಲ್ಲ ಒಂದೇ ಜಾತಿಯಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ಕೂದಲೆಳೆಯಂಥ ಜೇಡನ ಬಲೆ ಬಿರುಕು ನೀರು ಸಾಲದೆ ಬಂದದ್ದು. ಕುಗ್ಗುವುದು ಕುಗ್ಗಿ ಮುಗಿದಿದೆ. ಗೋಡೆ ಬಡಿದು ನೋಡಿ, ಗಟ್ಟಿ ಸಪ್ಪಳ ಬಂದರೆ ಒಡೆಸುವ ಗೊಡವೆ ಬೇಡ. ಧೂಳು ಉಜ್ಜಿ ತೆಗೆದು ಹೊರಗೋಡೆಯ ಒಳ್ಳೆ ಬಣ್ಣ ಎರಡು ಸಲ ಹೊಡೆದರೆ ಸಾಕು. ಡಬಡಬ ಎಂದು ಪೊಳ್ಳು ಸಪ್ಪಳ ಬಂದರೆ ಆ ಗಿಲಾವು ಗೋಡೆ ಬಿಟ್ಟಿದೆ ಎಂದರ್ಥ. ಗಟ್ಟಿ ಜಾಗ ಸಿಗುವ ತನಕ ಅದನ್ನು ಕೆತ್ತಿ ತೆಗೆಯದೆ ಬೇರೆ ಮದ್ದಿಲ್ಲ.

ಕಾಂಕ್ರೀಟ್ ಬೀಮಿಗೂ ಇಟ್ಟಿಗೆಗೂ ಕೂಡುವ ಕಡೆ ಗೆರೆ ಎಳೆದಂತೆ ಬಿರುಕು ಬಂದಿದ್ದರೆ ಅದು ಎರಡು ಬೇರೆ ಸಾಮಾನುಗಳ ಜಗಳ. ಬಿಸಿಲಿಗೆ ಎರಡೂ ಒಂದೇ ತೆರನಾಗಿ ಹಿಗ್ಗುವುದಿಲ್ಲ. ಅಲ್ಲಿ ಗಿಲಾವು ಕತ್ತರಿಸಿ ಕೋಳಿ ಜಾಲರಿ ಬಡಿದು ಮತ್ತೆ ಗಿಲಾವು ಮಾಡಬೇಕು.

ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕು ಇದ್ದರೆ ಮಾತ್ರ ಹುಷಾರ್. ಅದು ಗಿಲಾವಿನದಲ್ಲ, ಬುನಾದಿಯದು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ, ಮೇಲಿನ ಮನೆಯನ್ನೂ ಜೊತೆಗೇ ಎತ್ತಿ ಇಳಿಸುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ ತಾರೀಖು ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ. ಬೆಳೆಯುತ್ತಿದ್ದರೆ ಬಣ್ಣದವರನ್ನಲ್ಲ, ಇಂಜಿನಿಯರನ್ನು ಕರೆಸಬೇಕು. ಬಚ್ಚಲ ನೀರು ಬುನಾದಿಗೆ ಹೋಗುತ್ತಿದ್ದರೆ ಅದನ್ನು ಇಂದೇ ತಿರುಗಿಸಿ.

ದುರಸ್ತಿಯಲ್ಲೂ ನೀರಿನದೇ ದೊಡ್ಡಸ್ತಿಕೆ. ಬಿರುಕನ್ನು ಉಳಿಯಿಂದ ಅಗಲಿಸಿ, ಧೂಳು ತೆಗೆದು, ಹಿಂದಿನ ರಾತ್ರಿಯೇ ಗೋಡೆ ನೆನೆಸಬೇಕು. ಮರುದಿನ ಗೋಡೆ ಹಸಿ ಇರಬೇಕು, ನೀರು ಮಿನುಗಬಾರದು. ಮಾಲು ಹಳೆ ಗಿಲಾವಿಗಿಂತ ಗಡಸಾಗಿರಬಾರದು. ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಉಸುಕು ಕಲಸಿದರೆ ಸುಣ್ಣದ ಮೆದುತನಕ್ಕೆ ಬಿರುಕು ತಗ್ಗುತ್ತದೆ. ಮತ್ತೆ ಗೋಣಿತಟ್ಟು, ಮತ್ತೆ 7 ದಿನ. ಪೂರ್ತಿ ಒಣಗುವ ತನಕ, ಸುಮಾರು ತಿಂಗಳು, ಬಣ್ಣ ಮುಟ್ಟಬಾರದು. ಹಳೆ ಓಣಿಗಳ ಕಲ್ಲು-ಮಣ್ಣಿನ ಗೋಡೆಗೆ ಬರೀ ಸಿಮೆಂಟ್ ಮೆತ್ತುವವರೂ ಕೇಳಬೇಕಾದ ಮಾತಿದು. ಆ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತ ಬದುಕಿದ್ದು. ಸಿಮೆಂಟ್ ಅದರ ಉಸಿರು ಕಟ್ಟಿಸುತ್ತದೆ, ಕಡೆಗೆ ಹಲ್ಲೆ ಹಲ್ಲೆಯಾಗಿ ಕಳಚಿ ಬೀಳುತ್ತದೆ.

ಸುಣ್ಣ ಹಳೆ ಕಾಲದ ಮಾತು ಎನ್ನುವವರು ಊರಿನ ಪೂರ್ವಕ್ಕಿರುವ ಹಫ್ತ್ ಗುಂಬಜ್ ನೋಡಿ ಬರಲಿ. 1422ರಲ್ಲಿ ತೀರಿಕೊಂಡ ಫಿರೋಜ್ ಶಾ ಬಹಮನಿಯ ಗೋರಿಯ ಗಚ್ಚಿನ ಕೆತ್ತನೆ ಇದೇ ಬಿಸಿಲಿನಲ್ಲಿ ಆರು ನೂರು ವರ್ಷ ಕಳೆದಿದೆ. ಅಲ್ಲೂ ಸವೆತ ಉಂಟು, ದುರಸ್ತಿ ಉಂಟು. ಆದರೆ ಸುಣ್ಣದ ಗಚ್ಚು ದಿನಗಟ್ಟಲೆ ಆರೈಕೆ ಬೇಡುವ ಕೆಲಸ. ಅದನ್ನು ಮಾಡಿದವರಿಗೆ ಶುಕ್ರವಾರದೊಳಗೆ ಮುಗಿಸಿ ಸೋಮವಾರ ಬಣ್ಣ ಹೊಡೆಯುವ ಅವಸರ ಇರಲಿಲ್ಲ.

ಉಳ್ಳವರ ಗೋಡೆ ಒಡೆದರೆ ಮತ್ತೆ ಮಾಡಿಸುತ್ತಾರೆ. ಸರಕಾರಿ ವಸತಿ ಯೋಜನೆಯಲ್ಲಿ ಮನೆ ಕಟ್ಟಿಕೊಂಡ ಬಡವರ ಗತಿ ಏನು? ಅವರಿಗೆ ಹಣ ಬರುವುದು ಹಂತ ಹಂತವಾಗಿ, ಫೋಟೋ ತೋರಿಸಿದ ಮೇಲೆ. ಫೋಟೋದಲ್ಲಿ ಗೋಡೆ ಬಿಳುಪಾಗಿ ಕಂಡರೆ ಸಾಕು, ಅದು ನೀರು ಕುಡಿದಿತ್ತೇ ಎಂದು ಯಾವ ಕ್ಯಾಮರಾವೂ ಕೇಳುವುದಿಲ್ಲ. ಮರು ಮಳೆಗಾಲದಲ್ಲಿ ಬಿರುಕಿನಿಂದ ನೀರಿಳಿದಾಗ ಕೇಳಲು ಅಧಿಕಾರಿಗಳೂ ಇರುವುದಿಲ್ಲ, ಇನ್ನೊಂದು ಕಂತೂ ಇರುವುದಿಲ್ಲ.

ಆದ್ದರಿಂದ ಮನೆ ಕಟ್ಟಿಸುವವರು ಕರಾರಿನಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯಲಿ: ನೀರು ಹೊಡೆಯುವ ಕೆಲಸ ಬೇರೆ, ಅದರ ಕೂಲಿ ಬೇರೆ. ಗೋಡೆ ಕಾಯುವ ಒಬ್ಬ ಆಳಿಗೆ ಹತ್ತು ದಿನದ ಪಗಾರ ಕೊಟ್ಟರೆ ಮುಂದಿನ ಹತ್ತು ವರ್ಷದ ಪುಟ್ಟಿ ಉಳಿಯುತ್ತದೆ. ಗುತ್ತಿಗೆಯ ಕಡೆಯ ಕಂತನ್ನು ತಾರೀಖು ತುಂಬಿದ ಮೇಲೆ ಕೊಡಲಿ, ಆದರೆ ಪೂರ್ತಿ ಕೊಡಲಿ. ಮಹಾನಗರ ಪಾಲಿಕೆ ಮತ್ತು ವಸತಿ ಯೋಜನೆಯ ಇಂಜಿನಿಯರ್ ಸಾಹೇಬರು ಮಾರ್ಚ್ 31ರ ಬಿಲ್ಲಿಗಾಗಿ ಗಿಲಾವನ್ನು ಬಿಸಿಲಿಗೆ ತಳ್ಳುವುದನ್ನು ಬಿಟ್ಟು, ಕೇಂದ್ರದ ನಿಯಮದಂತೆ ಗೋಡೆಯ ಮೇಲೆ ತಾರೀಖು ಬರೆಸಲಿ. ಹಣ ಬಿಡುಗಡೆಯ ಫೋಟೋದಲ್ಲಿ ಆ ತಾರೀಖೂ ಕಾಣಲಿ.

ಒಂದು ತುಂಡು ಇದ್ದಿಲು, ನಾಲ್ಕು ಗೋಣಿತಟ್ಟು, ಒಬ್ಬರ ಹತ್ತು ದಿನದ ಕೂಲಿ. ಜಿಲ್ಲೆಯ ತುಂಬ ಸಿಮೆಂಟ್ ಕಾರ್ಖಾನೆ ಇಟ್ಟುಕೊಂಡವರಿಗೆ ಇಷ್ಟು ಭಾರವಾದೀತೇ?